ಜಮಖಾನದ ಮೇಲೆ ಕೂತ ಅಮ್ಮ

ಅರವತ್ತರ ದಶಕದ ಜಯನಗರದಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು, ಸಂತೆಯಲ್ಲಿ ದನ ನೋಡಿದ ಹಾಗೆ. ನನ್ನ ಕಾಲು ನೆಟ್ಟಗೇ ಇತ್ತು. ಕುಂಟುತ್ತಿದ್ದವಳು ಅಮ್ಮ.

ಅವಳಿಗಿನ್ನೂ ನಲವತ್ತೈದು ತುಂಬಿರಲಿಲ್ಲ. ಒರಳುಕಲ್ಲಿನ ಮುಂದೆ, ಬಚ್ಚಲಲ್ಲಿ, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತೇ ಅವಳ ವಯಸ್ಸು ಕಳೆದಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆಗಳ ಮಧ್ಯದ ಮೆದು ಪದರ ಸವೆದುಹೋಗಿದೆಯಮ್ಮ. ಬದಲಿ ಹಾಕೋಕೆ ನಮ್ಮ ಕೈಲಿ ಆಗಲ್ಲ. ನೆಲದ ಮೇಲೆ ಮಾತ್ರ ಕೂತ್ಕೋಬೇಡಿ," ಎಂದಿದ್ದರು.

ಅಪ್ಪ ಮನೆಗೆ ಬಂದವರೇ ಆ ಎಕ್ಸ್‌ರೇಯನ್ನು ಟ್ರಂಕಿನ ತಳದಲ್ಲಿಟ್ಟರು. "ವಂಶದಲ್ಲೇ ಕೀಲುನೋವು ಅಂತ ಗೊತ್ತಾದ್ರೆ ಇವಳನ್ನ ಯಾರು ಮಾಡ್ಕೋತಾರೆ? ಅವರು ಬಂದಾಗ ನೀನು ಕುಂಟಬಾರದು," ಎಂದರು. ಕುಂಟುವುದೇನೋ ಅವಳ ಚಟ ಎಂಬಂತೆ!

ಬಸವನಗುಡಿಯಿಂದ ಗಂಡಿನವರು ಬಂದರು. ನಮ್ಮಲ್ಲಿದ್ದ ಎರಡು ಕುರ್ಚಿಗಳಲ್ಲಿ ಗಂಡಸರು ಕೂತರು, ಹೆಂಗಸರು ಜಮಖಾನದ ಮೇಲೆ. ಉಪ್ಪಿಟ್ಟು ಕೊಟ್ಟು ಒಳಗೆ ಹೊರಟಿದ್ದ ಅಮ್ಮನನ್ನು ಹುಡುಗನ ಅಜ್ಜಿ ಕರೆದರು. "ನೀವೂ ಕೂತ್ಕೊಳ್ಳಿ, ಮಾತಾಡೋಣ."

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಗಂಟೆ ಅಲ್ಲಾಡಲಿಲ್ಲ.

"ಮನೇಲಿ ಯಾರಿಗೂ ಕಾಯಿಲೆ ಕಸಾಲೆ ಇಲ್ವಲ್ಲ?" ಅಜ್ಜಿ ಕೇಳಿದರು.

"ಇಲ್ಲ," ಎಂದಳು ಅಮ್ಮ.

ಹೊರಡುವಾಗ ಅವರಿಗೆಲ್ಲ ಕುಂಕುಮ ಕೊಡಲು ಅವಳು ಏನನ್ನೂ ಹಿಡಿಯದೆ ಎದ್ದಳು. ನಾನು ಕೈ ಕೊಡಬಹುದಿತ್ತು. ಕೊಡಲಿಲ್ಲ. ನನಗೂ ಆ ಸಂಬಂಧ ಬೇಕಾಗಿತ್ತು.

ಅವರು ಗೇಟು ದಾಟಿದ ಮೇಲೆ ಅಮ್ಮ ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡು ಜಾರಿ ಕೆಳಗೆ ಕುಸಿದಳು. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ನನ್ನ ಧಾರೆಯ ಹೊತ್ತಿಗೂ ಅದು ನೆಟ್ಟಗಾಗಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಬೀಗರಿಗೆ ಹೇಳಿದೆವು. ಆಮೇಲೆ ಅವಳು ಬದುಕಿದ್ದಷ್ಟು ದಿನವೂ ಗೋಡೆ ಹಿಡಿದೇ ಓಡಾಡಿದಳು.

ಈಗ ನನ್ನ ಮಂಡಿಯ ಸರದಿ. ಸವೆದ ತುದಿಗಳನ್ನು ಕೊಯ್ದು ಲೋಹ ಕೂರಿಸುತ್ತಾರಂತೆ, ನಡುವೆ ಪ್ಲಾಸ್ಟಿಕ್ ಪದರ. ಮಾರನೆಯ ದಿನವೇ ನಡೆಸುತ್ತಾರಂತೆ. ಇದೆಲ್ಲ ಕೇಳಿ ನನಗೆ ಖುಷಿಯಾಗಲಿಲ್ಲ, ಹೊಟ್ಟೆಯುರಿಯಿತು.

ಡಾಕ್ಟರು ಫಾರಂ ತುಂಬುತ್ತಾ, "ನಿಮ್ಮ ತಾಯಿಗೂ ಹೀಗೇ ಇತ್ತಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಅವರು ಹಾಗೇ ಬರೆದುಕೊಂಡರು. ನಾನು ತಿದ್ದಲಿಲ್ಲ.