ಗೋಡೆಗೆ ತಟ್ಟಿದ ಬೀಜ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಗಳ ಹಿಂದಿನ ಓಣಿಯಲ್ಲಿ ಆದಿಲಕ್ಷ್ಮಮ್ಮ ಚೊಂಬಿಗೆ ಬೇವಿನ ಸೊಪ್ಪು ಅದ್ದಿ, ಸಾಲಾಗಿಟ್ಟ ತೆಂಗಿನ ಚಿಪ್ಪುಗಳ ಮೇಲೆ ನೀರು ಚಿಮುಕಿಸುತ್ತಿದ್ದಾರೆ. ಚಿಪ್ಪು, ಒಡಕು ಮಡಕೆ, ಡಾಲ್ಡಾ ಡಬ್ಬ, ಎಲ್ಲದರಲ್ಲೂ ಟೊಮೆಟೊ ಸಸಿ. ಚೊಂಬಿನಿಂದಲೇ ಸುರಿದರೆ ಎಳೆ ಸಸಿಗಳು ಮಲಗಿಬಿಡುತ್ತವೆ, ಅದಕ್ಕೇ ಈ ಸೊಪ್ಪಿನ ಸ್ನಾನ. ಎಲೆಯ ಬೆನ್ನಿನಲ್ಲಿ ಹುಳು ಕಂಡರೆ ಬೈದು ಕೋಳಿಗೆ ಎಸೆಯುತ್ತಾರೆ. ಬೈಗುಳವೆಲ್ಲ ತೆಲುಗು, ಸಸಿಗಳ ಜೊತೆಗಿನ ಮುದ್ದು ಮಾತೆಲ್ಲ ಕನ್ನಡ.

ಬಿಸಿಲೇರುವ ಮೊದಲು ಸಸಿಗಳನ್ನು ಬುಟ್ಟಿಗೆ ತುಂಬಿ ಬೀದಿ ಬೀದಿ ತಿರುಗಬೇಕು. 'ನಾರಮ್ಮೋ, ಟಮೋಟ ನಾರು' ಎಂಬ ಕೂಗಿಗೆ ಬಾಗಿಲುಗಳು ತೆರೆಯುತ್ತವೆ. ಈ ಕಡೆ ಸಸಿಗೆ ನಾರು ಎನ್ನುವುದೇ ರೂಢಿ. ಊರಿನ ಬಚ್ಚಲ ಮೋರಿಗಳ ಪಕ್ಕ ಪಾತ್ರೆ ತೊಳೆದ ನೀರು ಕುಡಿದು ಬೆಳೆಯುವ ಗಿಡಗಳಲ್ಲಿ ಬಹುಪಾಲು ಈ ಬುಟ್ಟಿಯಿಂದಲೇ ಇಳಿದವು. ಆದರೆ ಮಾವಿನ ಊರಿನಲ್ಲಿ ಟೊಮೆಟೊ ಮಾತು ಯಾರಿಗೆ ಬೇಕು? ಹಿತ್ತಲ ಗಿಡ ಮದ್ದಲ್ಲ. ಹಿತ್ತಲಿಗೆ ಗಿಡ ಕೊಟ್ಟವಳ ಹೆಸರೂ ಯಾರಿಗೂ ಗೊತ್ತಿಲ್ಲ. ನಾರಮ್ಮ ಅಂದರೆ ಮುಗಿಯಿತು.

ಈಗೀಗ ಕೋಲಾರದ ಕಡೆಯಿಂದ ದಪ್ಪ ಸಿಪ್ಪೆಯ ಹೊಸ ತಳಿ ಸಂತೆಗೆ ಬರುತ್ತಿದೆ. ಲಾರಿಯಲ್ಲಿ ಎಷ್ಟು ಕುಲುಕಿದರೂ ಒಡೆಯದ ಹಣ್ಣು. ಆದಿಲಕ್ಷ್ಮಮ್ಮನ ನಾಟಿ ಹಣ್ಣು ಚಪ್ಪಟೆ, ಮುಟ್ಟಿದರೆ ರಸ, ಹುಳಿಯೆಂದರೆ ಹುಳಿ. ನೀವೂ ಹೊಸ ಬೀಜ ಹಾಕಬಾರದೇ ಎಂದು ಕೇಳಿದರೆ ನೀರು ಚಿಮುಕಿಸುವ ಕೈ ನಿಲ್ಲುತ್ತದೆ.

"ಇದು ನನ್ ಮಗಳು ತಿಂದು ಉಳಿಸಿದ್ ಬೀಜ ಸಾರ್. ಇದ್ನ ಬಿಟ್ಟು ಬೇರೇದ್ ಹಾಕಕ್ಕೆ ಕೈ ಬರಲ್ಲ."

ಮಗಳು ವೆಂಕಟರತ್ನ. ಮುಳಬಾಗಿಲಿಗೆ ಕೊಟ್ಟಿದ್ದ ಈ ಒಬ್ಬಳೇ ಮಗಳು ಆರು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡ ತೀರಿಹೋಗಿ ಒಂಟಿಯಾಗಿದ್ದ ತಾಯಿಗೆ ಮನೆ ತುಂಬಿತು. ಬಸುರಿಯ ಬಯಕೆಯೆಲ್ಲ ಹುಳಿಯ ಮೇಲೆ. ಅವಳಿಗೆಂದೇ ಹಿತ್ತಲಲ್ಲಿ ಬೆಳೆಸಿದ ಗಿಡದ ಹಣ್ಣು ಕಿತ್ತು, ಬಚ್ಚಲ ಕಲ್ಲಿನ ಮೇಲೆ ಕೂತು, ರಸ ಮೊಣಕೈಗೆ ಇಳಿಯುವಂತೆ ಕಚ್ಚುತ್ತಿದ್ದಳು. ಹುಳಿಗೆ ಮುಖ ಕಿವುಚುತ್ತಿದ್ದಳು, ಹಾಗೇ ಇನ್ನೊಂದಕ್ಕೆ ಕೈ ಚಾಚುತ್ತಿದ್ದಳು. ಮುಂದೆ ಮಗುವಿಗೂ ಬೇಕಾದೀತೆಂದು ತಾಯಿ ಒಳ್ಳೆಯ ಹಣ್ಣಿನ ಬೀಜ ತೆಗೆದು, ಬೂದಿ ಸಗಣಿಯಲ್ಲಿ ಕಲಸಿ ಹಿತ್ತಲ ಗೋಡೆಗೆ ತಟ್ಟಿದರು. ಹುಳು ಮುಟ್ಟದಂತೆ ಬೀಜ ಕಾಯುವ ಹಳೆಯ ಪದ್ಧತಿ ಅದು. ಪಕ್ಕದಲ್ಲೇ ಒಲೆಗೆಂದು ತಟ್ಟಿದ ಬೆರಣಿಗಳಿದ್ದವು. ನೋಡುವವರಿಗೆ ಎರಡೂ ಒಂದೇ.

ಹೆರಿಗೆಯಲ್ಲಿ ವೆಂಕಟರತ್ನ ಉಳಿಯಲಿಲ್ಲ. ಹೆಣ್ಣು ಮಗು ಉಳಿಯಿತು. ಸತ್ತವಳ ಮೈ ತೊಳೆಸಲು ನೀರು ಕಾಯಿಸಬೇಕು, ಮಗಳ ಪಕ್ಕ ಕೂತ ಆದಿಲಕ್ಷ್ಮಮ್ಮ ಏಳುತ್ತಿಲ್ಲ. ಪಕ್ಕದ ಮನೆಯ ಸುಗ್ರಾ ಅಳುತ್ತಲೇ ಓಡಿಬಂದು, ಗೋಡೆಯ ಮೇಲಿದ್ದದ್ದನ್ನೆಲ್ಲ ಕಿತ್ತು ಒಲೆಗೆ ಹಾಕಿದರು. ಬೆರಣಿಯ ಜೊತೆ ಬೀಜದ ಬಿಲ್ಲೆಗಳೂ ಉರಿದುಹೋದವು.

"ಕಂಡೆ ಸಾರ್. ಬೀಜ ಚಟಚಟ ಅನ್ನೋದು ಕಿವೀಗೂ ಬಿತ್ತು. ಮಗಳೇ ಹೋದ್ಮೇಲೆ ಬೀಜ ಯಾರಿಗೆ ಅಂತ ಉರಿಯಕ್ಕೆ ಬಿಟ್ಬಿಟ್ಟೆ."

ಮಗುವನ್ನು ಮುಳಬಾಗಿಲಿನವರು ಕರೆದೊಯ್ದರು. ಅಳಿಯ ಇನ್ನೊಂದು ಮದುವೆಯಾದ. ನೀರು ಹಾಕುವವರಿಲ್ಲದೆ ಹಿತ್ತಲ ಗಿಡಗಳೂ ಒಣಗಿದವು. ಒಲೆಗೆ ಹಾಕಿದ್ದು ಏನೆಂದು ತಡವಾಗಿ ತಿಳಿದ ಸುಗ್ರಾ ಎಷ್ಟೋ ದಿನ ಈ ಮನೆಗೆ ಮುಖ ತೋರಿಸಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ದಿನ ತಾವಾಗಿಯೇ ಬಂದು, ಆದಿಲಕ್ಷ್ಮಮ್ಮನ ಕೈ ಹಿಡಿದು ಬಚ್ಚಲ ಕಲ್ಲಿನ ಹತ್ತಿರ ಕರೆದೊಯ್ದರು.

"ಇಲ್ ನೋಡಕ್ಕಾ," ಎಂದರು. "ನಿನ್ ಹುಡ್ಗಿ ಉಗುಳಿದ್ದು ಹುಟ್ಟೈತೆ."

ಕಲ್ಲಿನ ಸಂದಿಯಲ್ಲಿ ನಾಲ್ಕಾರು ಟೊಮೆಟೊ ಸಸಿ. ಮೇಕೆ ಮುಟ್ಟದಂತೆ ಮುಳ್ಳು ತಂದು ಕಟ್ಟಿದವರು ಸುಗ್ರಾ. ಇವತ್ತಿನ ಬುಟ್ಟಿಯಲ್ಲಿರುವುದೆಲ್ಲ ಆ ಸಸಿಗಳ ಸಂತಾನ. ಬೀಜ ಈಗಲೂ ಗೋಡೆಗೇ ತಟ್ಟುತ್ತಾರೆ, ಆದರೆ ಪ್ರತಿ ಬಿಲ್ಲೆಗೂ ಸುಣ್ಣದ ಬೊಟ್ಟು. ಬೊಟ್ಟಿಡುವುದು ಮಾತ್ರ ಸುಗ್ರಾ ಅವರೇ, ಬೇರೆಯವರಿಗೆ ಬಿಡುವುದಿಲ್ಲ.

ಊರಿಗೆಲ್ಲ ಸಸಿ ಹಂಚಿದ ಈ ತಾಯಿಗೆ ಒಂದು ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಮುಳಬಾಗಿಲಿಗೆ ಸಸಿ ಕೊಟ್ಟು ಕಳಿಸಿದಾಗಲೆಲ್ಲ ಮಗಳ ಅತ್ತೆ, ಸತ್ತವಳ ಗಿಡ ಮನೆಗೆ ಬೇಡ ಎಂದು ವಾಪಸು ಕಳಿಸಿದರು. ಮೊಮ್ಮಗಳನ್ನು ನೋಡಲು ಹೋದವರನ್ನೂ ಜಗಲಿಯಿಂದಲೇ ಸಾಗಹಾಕಿದರು. ಹೋದ ವರ್ಷ ಅಳಿಯನ ಎರಡನೆಯ ಹೆಂಡತಿ ಬಸುರಿಯಾದಳು. ಅವಳಿಗೂ ಹುಳಿಯ ಬಯಕೆ. ಅತ್ತೆಗೆ ತಿಳಿಯದಂತೆ ಬಸ್ ಕಂಡಕ್ಟರನ ಕೈಲಿ ಹೇಳಿಕಳಿಸಿ ಎರಡು ಸಸಿ ತರಿಸಿಕೊಂಡಳು. ಆ ಗಿಡ ಈಗ ಹಣ್ಣು ಬಿಟ್ಟಿದೆ. ಸುದ್ದಿ ತಂದವನೂ ಅದೇ ಕಂಡಕ್ಟರ್.

"ನನ್ ಮಗಳ್ ಮಗೂಗೂ ಒಂದು ಕೊಟ್ಲಂತೆ ಆ ಪುಣ್ಯಾತ್ಗಿತ್ತಿ. ಕಚ್ಚಿ, ಹುಳೀಗೆ ಮುಖ ಕಿವುಚಿದ್ಲಂತೆ. ಆಮೇಲೆ ಇನ್ನೊಂದಕ್ಕೆ ಕೈ ಚಾಚಿದ್ಲಂತೆ."

ಇಷ್ಟು ಹೇಳಿ ಆದಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬಿಸಿಲು ಗೋಡೆಗೆ ಬಂದಿದೆ, ಬುಟ್ಟಿ ತುಂಬಿದೆ. ಸಿಂಬಿ ಸುತ್ತಿ ಬುಟ್ಟಿಯನ್ನು ತಲೆಗೇರಿಸಿಕೊಂಡು, ಹೊರಡುವ ಮುನ್ನ ಒಂದು ಗಳಿಗೆ ನಿಲ್ಲುತ್ತಾರೆ.

"ಆ ಕೈಗೆ ಒಂದೇ ಒಂದ್ಸಲ ನಾನೇ ಹಣ್ಣು ಇಡ್ಬೇಕು ಸಾರ್. ಇನ್ನೇನೂ ಬೇಡ."