ನೆಟ್ಟಗೆ ನಿಲ್ಲುವ ಕ್ಲಾಸು

ಐವತ್ತು ದಾಟಿದ ಮೇಲೆ ನಾನು ನಿಲ್ಲುವುದನ್ನು ಕಲಿಯುತ್ತಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಓದಿ.

ಮೊದಲು ನಕ್ಕವಳು ಶಾಂತವ್ವ. ಈಸೂರಿನವಳು, ಶಿಕಾರಿಪುರದ ನಮ್ಮ ಬಟ್ಟೆ ಅಂಗಡಿಯ ಹಳೇ ಗಿರಾಕಿ. ಬಸ್ ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕಳು. ಎಲ್ಲಿಗೆ ಎಂದಳು. ಪೋಶ್ಚರ್ ಕ್ಲಾಸಿಗೆ ಎಂದೆ. ಹಂಗಂದ್ರೆ? ಕೂರುವುದು, ನಿಲ್ಲುವುದು, ನಡೆಯುವುದು ಸರಿಯಾಗಿ ಹೇಳಿಕೊಡುತ್ತಾರೆ ಎಂದೆ.

"ಅಯ್ಯ ಶಿವನೇ! ನಿಂತ್ಕಳಾಕೂ ಟ್ಯೂಷನ್ ಏನ್ರೀ ಅಕ್ಕಾ? ನಮ್ಮ ಕುರಿಮರಿ ಹುಟ್ಟಿದ ಗಳಿಗೆಗೇ ಎದ್ದು ನಿಂತ್ಕಂತೈತೆ!"

ನನಗೆ ಉತ್ತರ ಹೊಳೆದದ್ದು ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ. ಕುರಿಮರಿಗೇನಮ್ಮ, ಎದುರಿಗೆ ಗಂಡನ ಅಣ್ಣ ಕೂತಿರುವುದಿಲ್ಲ!

ಇರಲಿ, ಆ ವಿಷಯಕ್ಕೆ ಬರುತ್ತೇನೆ. ಮೊದಲು ನೋವಿನ ಕಥೆ ಕೇಳಿ.

ಕುತ್ತಿಗೆಯಲ್ಲಿ ಹುಟ್ಟಿ, ಬಲ ಭುಜಕ್ಕೆ ಇಳಿದು, ಬೆರಳ ತುದಿಯವರೆಗೆ ಜುಮ್ಮೆನ್ನುವ ನೋವು. ಅಂಗಡಿಯ ಮೇಲಿನ ರ್‍ಯಾಕಿನಿಂದ ಒಂದು ಸೀರೆ ಎಳೆಯಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ನಮ್ಮೂರಲ್ಲಿ ನೋವಿಗಿಂತ ಎಣ್ಣೆಗಳೇ ಜಾಸ್ತಿ. ಬಂದವರೆಲ್ಲ ಒಂದೊಂದು ಹೇಳಿದರು, ನಾನು ಒಂದೊಂದನ್ನೂ ಹಚ್ಚಿದೆ. ಮೈಯೆಲ್ಲ ಘಮಘಮ ಅಂದಿತೇ ಹೊರತು ನೋವು ಕದಲಲಿಲ್ಲ. ಕೊನೆಗೆ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಗೆ ದೊಡ್ಡ ತೊಂದರೆ ಏನಿಲ್ಲ, ನೀವು ಮೈ ಹಿಡಿಯುವ ರೀತಿಯೇ ಸರಿಯಿಲ್ಲ ಅಂದರು. ಸೊರಬದಲ್ಲಿ ಅದನ್ನು ಕಲಿಸುವವರು ಒಬ್ಬರಿದ್ದಾರೆ, ಹೋಗಿ ನೋಡಿ ಅಂದರು.

ಹೋದೆ. ಮಹಡಿಯ ಮೇಲೊಂದು ಹಾಲ್, ಗೋಡೆಗೊಂದು ದೊಡ್ಡ ಕನ್ನಡಿ. ಕಲಿಸುವವರು ಸುಮನಾ ಮೇಡಂ. ನನಗಿಂತ ಚಿಕ್ಕವರು. ಮೊದಲು ಮಲಗಿಸಿದರು. (ಕ್ಲಾಸು ಚೆನ್ನಾಗಿದೆ ಅನ್ನಿಸಿತು.) ಆಮೇಲೆ ಸ್ಟೂಲಿನ ಮೇಲೆ ಕೂರಿಸಿದರು, ಎಬ್ಬಿಸಿದರು, ಮತ್ತೆ ಕೂರಿಸಿದರು. ಭುಜ ಬಿಡಿ, ಉಸಿರು ಹಿಡೀಬೇಡಿ, ತಲೆ ತಾನಾಗಿ ಮೇಲೆ ಹೋಗಲಿ, ಎದುರಿಗೆ ನೋಡಿ. ಕೆಲವು ವಾರಗಳಲ್ಲಿ ನಾನು ಆ ಹಾಲಿನಲ್ಲಿ ರಾಣಿಯ ಹಾಗೆ ನಡೆಯುತ್ತಿದ್ದೆ. ಆಶ್ಚರ್ಯವೆಂದರೆ, ಅಲ್ಲಿ ಇರುವಷ್ಟು ಹೊತ್ತು ನೋವೇ ಇಲ್ಲ! ಶಿಕಾರಿಪುರಕ್ಕೆ ವಾಪಸ್ ಬಂದರೆ ಅದೂ ವಾಪಸ್.

ಯಾಕೆ?

ಗೊತ್ತಾದದ್ದು ಒಂದು ಮಧ್ಯಾಹ್ನ. ನಾನು ನಡೆಯುತ್ತಿದ್ದೆ, ಮೇಡಂ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಅಷ್ಟರಲ್ಲಿ ಅವರ ಮಾವನವರು ಮೇಲೆ ಬಂದು, ಕಿಟಕಿಯ ಹತ್ತಿರ ಇಟ್ಟಿದ್ದ ಪೇಪರ್ ತೆಗೆದುಕೊಂಡು ಹೋದರು. ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಎಂತಕ್ಕೆ ಹಾಗೆ ಕುಗ್ಗಿದ್ರಿ?" ಎಂದರು ಮೇಡಂ.

"ನಾನೆಲ್ಲಿ ಕುಗ್ಗಿದೆ?"

"ನೀವೇ ನೋಡಿ ಮಾರಾಯ್ರೇ."

ನೋಡಿದೆ. ಮುದುಕರ ತಲೆ ಬಾಗಿಲಲ್ಲಿ ಕಂಡಿದ್ದೇ ತಡ, ನನ್ನ ತಲೆ ಕೆಳಗೆ. ಭುಜಗಳೆರಡೂ ಮುಂದಕ್ಕೆ. ಬಲಗೈ ತಾನಾಗಿ ಸೆರಗಿಗೆ ಹೋಗಿದೆ. ಆಳೆತ್ತರದ ಹೆಂಗಸು ಇದ್ದಕ್ಕಿದ್ದ ಹಾಗೆ ಗೇಣುದ್ದ ಕಮ್ಮಿಯಾಗಿದ್ದಾಳೆ. ಪರಿಚಯವೂ ಇಲ್ಲದ ಒಬ್ಬ ಹಿರಿಯರು ಪೇಪರ್ ಒಯ್ಯಲು ಬಂದದ್ದಕ್ಕೆ!

"ದಿನಾ ಎಷ್ಟು ಸಲ ಹೀಗೆ ಮಾಡ್ತೀರಿ?" ಎಂದು ಕೇಳಿದರು. ಲೆಕ್ಕ ಹಾಕಲು ಹೋಗಿ ಕೈಬಿಟ್ಟೆ. ನನ್ನ ಭಾವನವರು (ಗಂಡನ ಅಣ್ಣ) ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನೆದುರಿನ ಗಲ್ಲಾದಲ್ಲೇ ಕೂತಿರುತ್ತಾರೆ.

ನಮ್ಮ ಮನೆಯ ಪದ್ಧತಿ ಅದು. ಭಾವನ ಎದುರು ತಮ್ಮನ ಹೆಂಡತಿ ಸೆರಗು ಹೊದ್ದು, ತಲೆ ತಗ್ಗಿಸಿಯೇ ಇರಬೇಕು. ನೇರವಾಗಿ ಮಾತಾಡುವಂತಿಲ್ಲ. ಒಂದೇ ಅಂಗಡಿಯಲ್ಲಿ, ಕೈಗೆಟಕುವಷ್ಟು ದೂರದಲ್ಲಿ ಕೂತಿದ್ದರೂ ನಮ್ಮಿಬ್ಬರ ನಡುವೆ ಒಬ್ಬ ಪೋಸ್ಟ್‌ಮ್ಯಾನ್ ಬೇಕು. (ಆ ಪೋಸ್ಟ್‌ಮ್ಯಾನ್ ನಮ್ಮವರೇ. ಪಾಪ, ರಜೆಯೇ ಇಲ್ಲದ ನೌಕರಿ.) ಮದುವೆಯಾಗಿ ಬಂದ ದಿನ ಅತ್ತೆ ನನ್ನ ಕತ್ತಿನ ಹಿಂದೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ, "ತಗ್ಗಿ ನಡಿಯವ್ವಾ" ಅಂದಿದ್ದರು. ಕೆಟ್ಟವರಲ್ಲ ನಮ್ಮತ್ತೆ. ಅವರ ಕತ್ತನ್ನೂ ಯಾರೋ ಒತ್ತಿದ್ದರು. ನೋವು ಇರುವುದು ಸರಿಯಾಗಿ ಅದೇ ಜಾಗದಲ್ಲಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಗಿಡವಾಗಿದ್ದಾಗಲೇ ಬಗ್ಗಿಸಿಟ್ಟ ಮರ ನೆಟ್ಟಗಾಗುವುದು ಹೇಗೆ? ಅದಕ್ಕೆ ಯಾವ ಗಾದೆಯೂ ಇಲ್ಲ. ಸೊರಬದ ಬಸ್ಸು ಇದೆ.

ಅಂಗಡಿಯಲ್ಲೂ ನೆಟ್ಟಗೆ ಕೂರತೊಡಗಿದೆ. ವಾರ ಕಳೆಯುವುದರೊಳಗೆ ಪೋಸ್ಟ್‌ಮ್ಯಾನ್ ಕಾಗದ ತಂದರು. "ಗಿರಿಜವ್ವ ಈಗೀಗ ಸೆಟೆದ್ಕಂಡು ಕುಂತ್ಕಂತಾಳೆ, ಗಿರಾಕಿ ಏನಂದ್ಕಂಡಾರು ಅಂತ ಅಣ್ಣ ಕೇಳ್ದ."

"ಗಿರಾಕಿಗಳು ಸೀರೆ ನೋಡಾಕೆ ಬರ್ತಾರೆ ಅಂತ ಹೇಳ್ರಿ" ಎಂದೆ. ಆ ಕಾಗದ ತಲುಪಿದ ಹಾಗೆ ಕಾಣಲಿಲ್ಲ.

ಮೊನ್ನೆ ಜಡೆ ಊರಿನಲ್ಲಿ ಭಾವನ ಬೀಗರ ಹೊಸ ಮನೆಯ ಗೃಹಪ್ರವೇಶ. ಹೊರಡುವ ಮುಂಚೆಯೇ ನಮ್ಮವರು ಗೋಗರೆದರು. "ಇವತ್ತೊಂದಿನ ಅಡ್ಜಸ್ಟ್ ಮಾಡ್ಕಳೇ. ಬೀಗರ ಮುಂದೆ ಅಣ್ಣನ ಮರ್ಯಾದೆ ಪ್ರಶ್ನೆ." ನನ್ನ ಕತ್ತಿಗೂ ಅವರ ಅಣ್ಣನ ಮರ್ಯಾದೆಗೂ ಎಲ್ಲಿಂದ ಗಂಟು ಬಿತ್ತೋ!

ಹಜಾರದಲ್ಲಿ ಹಿರಿಯರೆಲ್ಲ ಸಾಲಾಗಿ ಕುರ್ಚಿಯ ಮೇಲೆ ಕೂತಿದ್ದರು. ಸೊಸೆಯಂದಿರು ಒಬ್ಬೊಬ್ಬರಾಗಿ ಹೋಗಿ ಕಾಲಿಗೆ ಬೀಳುತ್ತಿದ್ದೆವು. ನಾನೂ ಬಿದ್ದೆ. ಸುಮನಾ ಮೇಡಂ ಕಲಿಸಿದಂತೆ ಸೊಂಟದಿಂದ ಬಗ್ಗಿ, ಮನಸ್ಸಿಟ್ಟು ಬಿದ್ದೆ. ಆಮೇಲೆ ಎದ್ದು ಪಕ್ಕಕ್ಕೆ ನಿಂತೆ. ಸೆರಗು ತಲೆಯ ಮೇಲೇ ಇತ್ತು. ತಲೆ ಮಾತ್ರ ಅದರ ಜಾಗದಲ್ಲಿತ್ತು.

ಭಾವ ನಮ್ಮವರ ಕಡೆ ತಿರುಗಿದರು. "ಸ್ವಲ್ಪ ತಗ್ಗಿ ನಿಂತ್ಕಳಾಕೆ ಹೇಳಪ್ಪಾ. ಬೀಗರು ಕುಂತಾರೆ."

ಎಲ್ಲರಿಗೂ ಕೇಳಿಸಿತು. ನಮ್ಮವರು ಬೆವರೊರೆಸಿಕೊಂಡರು. "ಹಂಗಲ್ಲಣ್ಣ. ಅವಳಿಗೆ ಕುತ್ತಿಗೆ ನೋವು. ತಗ್ಗಬ್ಯಾಡ ಅಂತ ಡಾಕ್ಟ್ರು ಹೇಳ್ಯಾರೆ."

"ಅಯ್ಯೋ ಪಾಪ, ಹೌದನಾ?" ಎಂದರು ಬೀಗರು. ಭಾವನ ಮುಖವೂ ಸಡಿಲಾಯಿತು. ನಾನು ಸುಮ್ಮನಿದ್ದಿದ್ದರೆ ಎಲ್ಲವೂ ಸುಸೂತ್ರ.

ಆದರೆ ನನಗೆ ಕೆಟ್ಟ ಸಿಟ್ಟು ಬಂತು. ಕಾಯಿಲೆಯಿದ್ದರೆ ನೆಟ್ಟಗೆ ನಿಲ್ಲಲು ಪರ್ಮಿಷನ್ನು, ಆರೋಗ್ಯವಾಗಿದ್ದು ನಿಂತರೆ ಸೊಕ್ಕೇ? ನಿಲ್ಲುವುದಕ್ಕೂ ಮೆಡಿಕಲ್ ಸರ್ಟಿಫಿಕೇಟು ತರಬೇಕೇ?

"ಇಲ್ಲ ಭಾವಾ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮದುವೆಯಾದಾಗಿನಿಂದ ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. "ಡಾಕ್ಟ್ರು ಹಂಗೇನೂ ಅಂದಿಲ್ಲ. ಈಗ ತಾನೇ ನಿಮ್ಮ ಕಾಲಿಗೆ ಬಗ್ಗಿದೆನಲ್ಲ, ಅದು ಗೌರವ. ಅದು ಮುಗೀತು, ಎದ್ದು ನಿಂತೀನಿ. ಇನ್ನ ಮ್ಯಾಲೆ ಹಿಂಗೇ ನಿಲ್ಲಾದು."

ಒಳಗೆ ಪಾಯಸ ತಿರುವುತ್ತಿದ್ದ ಸೌಟೂ ನಿಂತಿತು. ಭಾವ ಅಭ್ಯಾಸಬಲದಿಂದ ಪೋಸ್ಟ್‌ಮ್ಯಾನ್‌ನತ್ತ ನೋಡಿದರು. ಪೋಸ್ಟ್‌ಮ್ಯಾನ್ ಹೊಸ ಮನೆಯ ತಾರಸಿ ನೋಡುತ್ತಿದ್ದರು. ನನ್ನ ಕತ್ತು ಬಗ್ಗಲಿಲ್ಲ.

ಊಟ ಮಾಡಿದೆವು. ವಾಪಸ್ ಬರುವಾಗ ದಾರಿಯಲ್ಲೇ ಹೊಸ ಕಾಗದ: ಸ್ವಲ್ಪ ದಿನ ನಾನು ಅಂಗಡಿಗೆ ಬರುವುದು ಬೇಡವಂತೆ. ಮರುದಿನ ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದೆ. ಹೇಗೆ ನಿಂತಿದ್ದೆ ಎಂದು ಬೇರೆ ಹೇಳಬೇಕಿಲ್ಲ. ಭಾವ ಕಂಡರು, ಗಲ್ಲಾಕ್ಕೆ ಹೋಗಿ ಕೂತರು. ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರಂತೆ. (ಮೊದಲು ಆಡುತ್ತಿದ್ದರೇ?)

ಹೊಂದಿಕೊಂಡು ಹೋಗಬಾರದಿತ್ತೇ ಎನ್ನುವವರು ನಿಮ್ಮಲ್ಲೂ ಇರಬಹುದು. ಹೊಂದಿಕೊಂಡೇ ಬಂದವಳು ನಾನು. ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ ಎನ್ನುವ ಗಾದೆಯನ್ನು ಕತ್ತಿನ ಮೇಲೇ ಹೊತ್ತು ತಿರುಗಿದವಳು.

ಈಗ ಕೈ ಮೇಲಿನ ರ್‍ಯಾಕಿಗೆ ಎಟಕುತ್ತದೆ. ನಿನ್ನೆ ಅಲ್ಲಿಂದ ಸೀರೆ ಎಳೆಯುವುದನ್ನು ನೋಡಿ ನಮ್ಮವರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನೋವು ಕಮ್ಮಿ ಆತಲ್ಲ, ಇನ್ನ ಮೊದ್ಲಿನಂಗೇ ಇರಬಹುದಲ್ಲ?"

ಮೊದಲಿನ ಹಾಗೆ ಇದ್ದದ್ದಕ್ಕೇ ಅಲ್ಲವೇನ್ರೀ ನೋವು ಬಂದದ್ದು?