ಮುನಿದ ಇಬ್ಬರ ನಡುವೆ ಮೊರಾಕೊ

ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಮೊರಾಕೊ ಸುತ್ತಿ ಬರುತ್ತೇನೆ ಎಂದಾಗ ಬ್ರಿಸ್ಬೇನಿನ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಇಂಡೂರೂಪಿಲ್ಲಿಯ ಮಾಲ್‌ನಲ್ಲಿ ಬ್ಯಾಗ್ ಹಾಕಿಕೊಂಡು ಕನ್ನಡಿ ಮುಂದೆ ತಿರುಗುತ್ತಿದ್ದರೆ ಮಗಳು, "ಮಮ್, ಆರ್ ಯೂ ಸೀರಿಯಸ್?" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್. "ಸೀರಿಯಸ್ಸೇ ಕಣೇ. ಡಾರ್ಮಿಟರೀಲಿ ಮಲಗ್ತೀನಿ, ಬಸ್ಸಲ್ಲಿ ಓಡಾಡ್ತೀನಿ, ಬ್ರೆಡ್ ತಿಂದ್ಕೊಂಡಿರ್ತೀನಿ. ನೀನು ಅಪ್ಪನ್ನ ನೋಡ್ಕೋ," ಎಂದೆ. ಗಂಡ ಕೇಳಿದ್ದು ಒಂದೇ ಪ್ರಶ್ನೆ, "ನಿನ್ನ ಮಂಡಿ?" ಮಂಡಿಯೂ ಜೊತೆಗೇ ಬರುತ್ತದೆ, ಬಿಚ್ಚಿಟ್ಟು ಹೋಗೋಕಾಗುತ್ತಾ ಎಂದೆ.

ಅಗ್ಗದಲ್ಲಿ ಹೋಗುವುದಕ್ಕೆ ಕಾರಣ ಜಿಪುಣತನವಲ್ಲ, ಒಂದು ಹಳೆಯ ಮಾತು. ಅಡಿಲೇಡ್‌ನಲ್ಲಿ ಓದುವಾಗ ನಾವು ಮೂವರು ಕನ್ನಡದ ಹುಡುಗಿಯರು ಒಂದು ಹಳೇ ಮನೆಯಲ್ಲಿದ್ದೆವು. ಚಳಿಗಾಲದಲ್ಲಿ ಹೀಟರ್ ಹಾಕಲು ಹೆದರಿ, ಒಂದೇ ರಜಾಯಿಯೊಳಗೆ ಕಾಲು ತೂರಿಸಿ ಕೂತು, ಲೈಬ್ರರಿಯಿಂದ ತಂದ ಮೊರಾಕೊದ ಚಿತ್ರಗಳ ಪುಸ್ತಕ ನೋಡುತ್ತಿದ್ದೆವು. ಮುಂದೆ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೂ ಅಲ್ಲಿಗೆ ಮಾತ್ರ ಹೀಗೇ, ಸ್ಟೂಡೆಂಟ್‌ಗಳ ಹಾಗೇ ಹೋಗಬೇಕು ಎಂದು ಆಗಲೇ ನಿರ್ಧಾರವಾಗಿತ್ತು. ಆಮೇಲೆ ಒಬ್ಬಳು ಕೆಲಸ ಹಿಡಿದು ಪರ್ತ್‌ಗೆ ಹೋದಳು, ನಾನು ಬ್ರಿಸ್ಬೇನಿಗೆ ಬಂದೆ, ಇನ್ನೊಬ್ಬಳು ಅಡಿಲೇಡ್‌ನಲ್ಲೇ ಉಳಿದಳು. ಹೆಸರು ಬರೆದರೆ ಇಬ್ಬರೂ ಸೇರಿ ನನ್ನ ಚರ್ಮ ಸುಲಿಯುತ್ತಾರೆ. ಆದ್ದರಿಂದ ಪರ್ತ್‌ನವಳು, ಅಡಿಲೇಡ್‌ನವಳು ಎಂದೇ ಕರೆಯುತ್ತೇನೆ.

ಈ ಇಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಅಡಿಲೇಡ್‌ನವಳು ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಪರ್ತ್‌ನವಳು ರಜೆ ಹಾಕಿ ಮೊದಲೇ ಹೋಗಿ, ನೆಲ ಒರೆಸಿ, ಕಿಟಕಿ ಉಜ್ಜಿ, ಬಾಗಿಲಿಗೆ ಮಾವಿನೆಲೆ ಕಟ್ಟಿದ್ದಳು. ಪರ್ತ್‌ನವಳು ತುಮಕೂರಿನ ಮುಸ್ಲಿಂ ಮನೆತನದವಳು. ಅಡಿಲೇಡ್‌ನವಳದು ಮೈಸೂರಿನ ಮಡಿ ಮನೆ. ಪೂಜೆಯ ದಿನ ಮೈಸೂರಿನಿಂದ ಬಂದಿದ್ದ ತಾಯಿ ಅಡುಗೆಮನೆಯ ಬಾಗಿಲಲ್ಲಿ ಪರ್ತ್‌ನವಳನ್ನು ತಡೆದು, "ನೀನು ಹೊರಗಡೇನೇ ಕೂತ್ಕೋಮ್ಮ, ಒಳಗೆ ಬರಬೇಡ," ಎಂದರು. ಸ್ನಾನವನ್ನೇ ಮಾಡದೆ ಬಂದ ಬೇರೆಯವರೆಲ್ಲ ಅದೇ ಬಾಗಿಲಲ್ಲಿ ಸರಾಗವಾಗಿ ಓಡಾಡುತ್ತಿದ್ದರು. ಅಡಿಲೇಡ್‌ನವಳು ಒಲೆಯ ಮುಂದೆ ಹಾಲು ಉಕ್ಕಿಸುತ್ತ ನಿಂತಿದ್ದಳು. ಕೇಳಿಸಿಕೊಂಡಳು, ತಿರುಗಿ ನೋಡಲಿಲ್ಲ. ಪರ್ತ್‌ನವಳು ಊಟಕ್ಕೂ ನಿಲ್ಲದೆ ಏರ್‌ಪೋರ್ಟಿಗೆ ಹೋದಳು. ನಾನು ಹೊರಗೆ ರಂಗೋಲಿ ಹಾಕುತ್ತಿದ್ದೆ. ಅವಳು ಅದನ್ನು ದಾಟಿಕೊಂಡು ಹೋದಾಗಲೂ ನನಗೇನೂ ತಿಳಿದಿರಲಿಲ್ಲ, ಫೋನಿನಲ್ಲಿ ಅವಳು ಅತ್ತಾಗಲೇ ಗೊತ್ತಾಗಿದ್ದು.

ಅಲ್ಲಿಂದ ಮುಂದೆ ನನ್ನ ಪಾಡು ನಾಯಿಪಾಡು. ಪರ್ತ್‌ಗೆ ಹೋದರೆ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳ ನಡುವೆ ಕಾರು ಓಡಿಸುತ್ತ ಅವಳು ಎಲ್ಲ ಮಾತಾಡುವಳು, ಆ ಒಂದು ಹೆಸರು ಬಿಟ್ಟು. ಅಡಿಲೇಡ್‌ಗೆ ಹೋದರೆ ಇವಳು ಆ ಒಂದು ಹೆಸರು ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. "ಹೇಗಿದ್ದಾಳೆ? ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?" ಕೇಳಿಲ್ಲ ಎಂದರೆ ಮುಖ ಇಷ್ಟು ಸಣ್ಣಗಾಗುವುದು. ಇವಳ ಮೆಸೇಜುಗಳಿಗೆ ಪರ್ತ್‌ನಿಂದ ಉತ್ತರವೇ ಬರುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ್ದು ಎರಡೇ. ಮೊರಾಕೊಗೆ ನಾವಿಬ್ಬರೇ ಹೋಗೋದು ಎಂದು ಇವಳಿಗೊಂದು, ಅವಳಿಗೊಂದು.

ಮರಾಕೇಶಿನ ಹಳೇ ಪೇಟೆಯ ಹಾಸ್ಟೆಲ್ಲಿನಲ್ಲಿ ಇಬ್ಬರೂ ಎದುರುಬದುರಾದರು. ಪರ್ತ್‌ನವಳು ನನ್ನನ್ನು ಮೂಲೆಗೆ ಎಳೆದು, "ಥೂ ನಿನ್ನ! ಇದಕ್ಕೆ ನನ್ನ ಇಷ್ಟು ದೂರ ಕರ್ಕೊಂಡ್ಬಂದ್ಯಾ?" ಎಂದಳು. ನಾನು ಹಲ್ಲು ಗಿಂಜಿದೆ. ಅವಳು ಬ್ಯಾಗನ್ನು ಮತ್ತೆ ಹೆಗಲಿಗೇರಿಸಿದಳು, ಸ್ವಲ್ಪ ಹೊತ್ತು ನಿಂತಳು, ಇಳಿಸಿದಳು. "ಟ್ರಿಪ್ ಅರ್ಧಕ್ಕೆ ಬಿಡಲ್ಲ. ಆದ್ರೆ ಇದೇ ಕೊನೆ. ಊರಿಗೆ ಹೋದ್ಮೇಲೆ ಅವಳ ವಿಷಯ ಎತ್ತಿದ್ರೆ ನಿನ್ನ ಜೊತೇನೂ ಮಾತು ಬಿಡ್ತೀನಿ." ಆಣೆ ಇಟ್ಟು ಹೇಳುವವಳಲ್ಲ ಅವಳು, ಹೇಳಿದರೆ ಮುಗಿಯಿತು. ಈ ಪ್ರವಾಸದೊಳಗೆ ಆದರೆ ಆಯಿತು, ಇಲ್ಲದಿದ್ದರೆ ನಾವು ಮೂವರು ಎಂಬುದು ಇನ್ನಿಲ್ಲ.

ಆ ದೇಶ ನೋಡಿ ನಾನು ಮರುಳಾಗಿದ್ದಂತೂ ನಿಜ. ಅಬ್ಬಾ, ಆ ಗಲ್ಲಿಗಳು! ಕತ್ತೆ ಮೇಲೆ ಚರ್ಮದ ಹೊರೆ ಹೇರಿಕೊಂಡು ಬರುವವನು ಕೂಗಿದನೆಂದರೆ ಗೋಡೆಗೆ ಅಂಟಿಕೊಳ್ಳಬೇಕು. ಹೊರಗಿನಿಂದ ಸುಣ್ಣ ಉದುರಿದ ಗೋಡೆ, ತಗ್ಗು ಬಾಗಿಲು. ಬಗ್ಗಿ ಒಳಗೆ ಹೋದರೆ ಬಣ್ಣದ ಹೆಂಚು ಕೂರಿಸಿದ ಅಂಗಳ, ನಡುವೆ ಕಿತ್ತಳೆ ಗಿಡ. ಬೆಳಗ್ಗೆ ಮನೆಮನೆಯಿಂದ ನಾದಿದ ಹಿಟ್ಟನ್ನು ಹಲಗೆ ಮೇಲಿಟ್ಟುಕೊಂಡು ಬೀದಿಯ ಸಾಮೂಹಿಕ ಒಲೆಗೆ ಒಯ್ಯುತ್ತಿದ್ದರು. ಬಿಸಿ ಬ್ರೆಡ್ಡು, ಆಲಿವ್ ಕಾಯಿ, ಪುದೀನ ಹಾಕಿದ ಸಕ್ಕರೆ ಪಾಕದಂಥ ಟೀ. ಒಣ ಅವರೆಯಂಥ ಕಾಳನ್ನು ನುಣ್ಣಗೆ ಬೇಯಿಸಿ, ಮೇಲೆ ಎಣ್ಣೆ ಸುರಿದು, ಜೀರಿಗೆ ಪುಡಿ ಉದುರಿಸಿ ಕೊಡುವ ಗಟ್ಟಿ ಸಾರೊಂದಿತ್ತು. ಬ್ರಿಸ್ಬೇನಿನಲ್ಲಿ ಫೋರ್ಟಿಟ್ಯೂಡ್ ವ್ಯಾಲಿಯ ನಮ್ಮ ಆಫೀಸಿನ ಸುತ್ತ ಎಷ್ಟೋ ರೆಸ್ಟೊರೆಂಟುಗಳಲ್ಲಿ ತಿಂದಿದ್ದೇನೆ, ಬೀದಿಯಲ್ಲಿ ನಿಂತು ಕುಡಿದ ಆ ಸಾರಿನ ರುಚಿ ಎಲ್ಲೂ ಸಿಕ್ಕಿಲ್ಲ.

ಅದಕ್ಕಿಂತ ಮೆಚ್ಚಿದ್ದು ಪರ್ತ್‌ನವಳನ್ನು. ಅರಬ್ಬಿ ಅಕ್ಷರ ಓದಲು ಅವಳಿಗೆ ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಆದರೂ ಬಸ್ಸಿನ ಬೋರ್ಡನ್ನು ಜೋರಾಗಿ ಓದಿ, ಪಕ್ಕದವರಿಗೆ ಸಲಾಂ ಹೇಳಿ, ಫೋನಿನಲ್ಲಿ ಭಾಷಾಂತರ ಮಾಡಿ, ಕೈಸನ್ನೆ ಸೇರಿಸಿ, ಎಲ್ಲರನ್ನೂ ಒಲಿಸಿಕೊಳ್ಳುತ್ತಿದ್ದಳು. ಹೋದ ಕಡೆಯಲ್ಲೆಲ್ಲ ಮೊದಲು ಕೇಳುತ್ತಿದ್ದುದು ಒಂದೇ, ಇದರಲ್ಲಿ ಮಾಂಸ ಇದೆಯೇ ಎಂದು. ಅವಳೂ ನಾನೂ ಎಲ್ಲ ತಿನ್ನುವವರು. ಮತ್ತೆ ಯಾರಿಗಾಗಿ? ಕೇಳಿ ಬಂದು ನನ್ನ ಕಡೆ ತಿರುಗಿ, "ಅವಳಿಗೆ ಹೇಳು, ಆ ಟೊಮೆಟೊ ಸೂಪಲ್ಲಿ ಮಾಂಸ ಹಾಕಿದ್ದಾರೆ, ಕುಡೀಬಾರ್ದು. ಕಾಳಿನ ಸಾರು ಪರವಾಗಿಲ್ಲ." ಅವಳು ಪಕ್ಕದಲ್ಲೇ ಕೂತಿದ್ದಾಳೆ, ಕಿವಿ ನೆಟ್ಟಗಿದೆ! ನಾನು ಮತ್ತೆ ಹೇಳಬೇಕು. ಫೆಜ್ ಊರಿನಲ್ಲಿ ಪರ್ತ್‌ನವಳಿಗೆ ಹೊಟ್ಟೆ ಕೆಟ್ಟಾಗ ಅಡಿಲೇಡ್‌ನವಳು ಬ್ಯಾಗಿನ ತಳದಿಂದ ಓಂಕಾಳು ತೆಗೆದು ಕುದಿಸಿ, ಲೋಟವನ್ನು ನನ್ನ ಕೈಗಿಟ್ಟು, "ಅವಳಿಗೆ ಕೊಡು. ಬಿಸಿ ಇರೋವಾಗ್ಲೇ ಕುಡೀಬೇಕಂತೆ ಅನ್ನು," ಎಂದಳು. ಪಿಂಗ್‌ಪಾಂಗ್ ಬಲೆಯಂತೆ ನಡುವೆ ನಿಂತು ನನಗೆ ರೋಸಿಹೋಗಿತ್ತು. "ನಿಮ್ಮಿಬ್ಬರನ್ನೂ ಮರುಭೂಮೀಲಿ ಬಿಟ್ಬರ್ತೀನಿ ನೋಡಿ," ಎಂದು ಕೂಗಾಡಿದೆ. ಇಬ್ಬರೂ ನನ್ನನ್ನೇ ಸಮಾಧಾನ ಮಾಡಿದರು, ಬೇರೆಬೇರೆಯಾಗಿ.

ಕೊನೆಯ ಶುಕ್ರವಾರ ಬೆಟ್ಟದ ದಾರಿಯಲ್ಲಿ ಹೊರಟಿದ್ದೆವು. ಅಲ್ಲಿ ಹಳೇ ಕಾರುಗಳಿಗೆ ನಮ್ಮೂರ ಟೆಂಪೋ ಹಾಗೆ ಜನ ತುಂಬಿಸುತ್ತಾರೆ, ತುಂಬಿದ ಮೇಲೇ ಹೊರಡುವುದು. ಹಿಂದಿನ ಸೀಟಿನಲ್ಲಿ ನಾವು ಮೂವರು, ನಮ್ಮ ಜೊತೆ ಮಡಿಲಲ್ಲಿ ಸೊಪ್ಪಿನ ಕಂತೆ ಇಟ್ಟುಕೊಂಡ ನಮ್ಮದೇ ವಯಸ್ಸಿನ ಒಬ್ಬ ಹೆಂಗಸು. ಪರ್ತ್‌ನವಳ ಸಲಾಮಿನಿಂದ ಶುರುವಾದ ಮಾತು, ಆಕೆಯ ಊರು ಬರುವಷ್ಟರಲ್ಲಿ ನಮ್ಮ ಗಂಡಂದಿರ ಕೆಲಸದವರೆಗೆ ಬಂದಿತ್ತು. ಶುಕ್ರವಾರ ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಎಲ್ಲಿ ತಿನ್ನುತ್ತೀರಿ ಎಂದು ಆಕೆ ಕೇಳಿದಳು. ಬ್ರೆಡ್ ಇದೆ ಎಂದೆವು. ಆಕೆ ಹಣೆ ಚಚ್ಚಿಕೊಂಡು, ಕಾರು ನಿಲ್ಲಿಸಿ, ಮೂವರನ್ನೂ ಕೈಹಿಡಿದು ಇಳಿಸಿದಳು. ಮೊರಾಕೊದಲ್ಲಿ ಶುಕ್ರವಾರ ಮನೆಮನೆಯಲ್ಲೂ ಹಬೆಯಲ್ಲಿ ಬೇಯಿಸಿದ ರವೆಯ ಕುಸ್‌ಕುಸ್. ಆ ದಿನ ಹಸಿದವರು ಕಣ್ಣಿಗೆ ಬಿದ್ದರೆ ಬಿಟ್ಟು ಹೋಗುವಂತಿಲ್ಲವಂತೆ.

ಅಡುಗೆಮನೆ ಅಂಗಳದ ಆಚೆಗಿತ್ತು. ದೊಡ್ಡ ಪಾತ್ರೆಯಲ್ಲಿ ಮಾಂಸದ ಸಾರು ಕುದಿಯುತ್ತಿತ್ತು, ಅದರ ಮೇಲೆ ತೂತಿನ ಪಾತ್ರೆಯಲ್ಲಿ ರವೆ ಹಬೆಯಲ್ಲಿ ಬೇಯುತ್ತಿತ್ತು. ಪರ್ತ್‌ನವಳು ಹೋದವಳೇ ಫೋನ್ ತೋರಿಸಿ ಏನೋ ವಿವರಿಸಿದಳು. ಮನೆಯಾಕೆ ತಲೆಯಾಡಿಸಿ, ಪಕ್ಕದ ಒಲೆಯಲ್ಲಿ ಕುಂಬಳಕಾಯಿ, ಕಡಲೆಕಾಳು, ಗಜ್ಜರಿ ಹಾಕಿ ಚಿಕ್ಕದೊಂದು ಪಾತ್ರೆಯಿಟ್ಟು, ಅದರ ಮೇಲೂ ಒಂದಿಷ್ಟು ರವೆಯಿಟ್ಟಳು. ಬೆಂದ ರವೆಯನ್ನು ಅಗಲವಾದ ಮಣ್ಣಿನ ತಟ್ಟೆಗೆ ಸುರಿದು, ಎಣ್ಣೆ ನೀರು ಚಿಮುಕಿಸಿ, ಗಂಟಿಲ್ಲದಂತೆ ಕೈಯಿಂದ ಉದುರು ಮಾಡಿ ಮತ್ತೆ ಹಬೆಗಿಡಬೇಕು. ಮನೆಗೆ ಬಂದ ಹೆಂಗಸರೆಲ್ಲ ಅದಕ್ಕೆ ಕೈ ಹಾಕುವುದು ಅಲ್ಲಿಯ ಪದ್ಧತಿ. ಆಕೆ ಬನ್ನಿ ಬನ್ನಿ ಎಂದು ಕೈಬೀಸಿದಳು. ಪರ್ತ್‌ನವಳು ಆಗಲೇ ತೋಳು ಮಡಿಸಿ ಕೂತಿದ್ದಳು. ನಾನೂ ಹೋಗಿ ಕೂತೆ.

ಅಡಿಲೇಡ್‌ನವಳು ಬಾಗಿಲಲ್ಲೇ ನಿಂತುಬಿಟ್ಟಳು. ಮನೆಯಾಕೆ ಮತ್ತೆ ಕರೆದಳು. ಇವಳು ಹೊಸ್ತಿಲು ದಾಟಲಿಲ್ಲ. ಮಾಂಸದ ವಾಸನೆಗೆ ಹಿಂಜರಿದಳೇನೋ ಎಂದುಕೊಂಡೆ, ಅದಲ್ಲ. ಪರ್ತ್‌ನವಳನ್ನೇ ನೋಡುತ್ತ, ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೇರವಾಗಿ ಕೇಳಿದಳು, "ನಾನು ಒಳಗೆ ಬರಬಹುದಾ? ಅವರ ಹಬ್ಬದ ಅಡುಗೆ, ನಾನು ಮುಟ್ಟಿದ್ರೆ ಪರವಾಗಿಲ್ವಾ ಅಂತ ಸ್ವಲ್ಪ ಕೇಳ್ತೀಯಾ?"

ಪರ್ತ್‌ನವಳ ಕೈ ರವೆಯೊಳಗೆ ನಿಂತಿತು. "ಮನೆಯವಳೇ ಕರೀತಿದ್ದಾಳಲ್ಲ. ಅವಳು ಕರೆದ್ಮೇಲೆ ಇನ್ಯಾರನ್ನ ಕೇಳ್ಬೇಕು?" ಎಂದಳು. ಆಮೇಲೆ ತಲೆ ತಗ್ಗಿಸಿ, "ಅವತ್ತು ಮನೆಯವಳು ನೀನಾಗಿದ್ದೆ," ಎಂದಳು.

ಅಡಿಲೇಡ್‌ನವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳತೊಡಗಿದಳು. "ಗೊತ್ತು ಕಣೇ. ಹಾಲನ್ನೇ ನೋಡ್ತಾ ನಿಂತ್ಬಿಟ್ಟೆ. ತಿರುಗಿದ್ರೆ ನಿನ್ನ ಮುಖ ನೋಡ್ಬೇಕಾಗಿತ್ತು, ಅಮ್ಮಂಗೆ ಎದುರು ಮಾತಾಡ್ಬೇಕಾಗಿತ್ತು. ಧೈರ್ಯ ಬರ್ಲಿಲ್ಲ. ತಪ್ಪಾಯ್ತು ಕಣೇ." ಮನೆಯಾಕೆ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಹೆಚ್ಚಿಟ್ಟಿದ್ದ ಈರುಳ್ಳಿಯ ಕಡೆ ಬೆರಳು ತೋರಿಸಿದೆ. ಆಕೆ ನಂಬಲಿಲ್ಲ, ಆದರೂ ಸುಮ್ಮನಾದಳು.

"ತಪ್ಪಾಯ್ತು ಅನ್ನೋದು ಸುಲಭ," ಎಂದಳು ಪರ್ತ್‌ನವಳು. ಅವಳ ಕಣ್ಣೂ ತುಂಬಿತ್ತು, ದನಿ ಮಾತ್ರ ಗಟ್ಟಿ. "ನಿಮ್ಮಮ್ಮ ಇಲ್ದಿರೋವಾಗ ನೀನು ನೂರು ಸಲ ಕರೀತೀಯ. ಅವರು ಇದ್ದಾಗ ಕರೀತೀಯಾ?"

ಅಡಿಲೇಡ್‌ನವಳು ಮೂಗು ಒರೆಸಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದು, ಜೇಬಿನಿಂದ ಫೋನ್ ತೆಗೆದು ಮೈಸೂರಿಗೆ ವಿಡಿಯೋ ಕಾಲ್ ಹಚ್ಚಿದಳು. ಅಲ್ಲಿ ಸಂಜೆಯಾಗಿತ್ತು. ತಾಯಿಯ ಮುಖ ಕಾಣಿಸಿತು, "ಏನೇ, ಎಲ್ಲಿದ್ದೀಯಾ?" ಇವಳು ಫೋನನ್ನು ಪರ್ತ್‌ನವಳ ಕಡೆ ತಿರುಗಿಸಿದಳು. "ಅಮ್ಮಾ, ಯಾರ ಜೊತೆ ಅಡುಗೆ ಮಾಡ್ತಿದ್ದೀನಿ ನೋಡು. ನೀನು ಮುಂದಿನ ಸಲ ಅಡಿಲೇಡ್‌ಗೆ ಬಂದಾಗ ಇವಳೂ ಬರ್ತಾಳೆ. ಅಡುಗೆಮನೆಗೇ ಬರ್ತಾಳೆ. ನಿಂಗೆ ಆಗಲ್ಲ ಅಂದ್ರೆ ಈಗ್ಲೇ ಹೇಳು." "ಹಲೋ? ಏನೂ ಕೇಳಿಸ್ತಿಲ್ಲ ಕಣೇ, ನೆಟ್‌ವರ್ಕ್..." ಎಂದರು ತಾಯಿ, ಕಾಲ್ ಕಟ್ಟಾಯಿತು.

ಪರ್ತ್‌ನವಳು ಒಣ ನಗು ನಕ್ಕಳು. "ಬಿಡು. ವಯಸ್ಸಾದವರು. ನೀನು ಕೇಳಿದ್ಯಲ್ಲ, ಅಷ್ಟು ಸಾಕು."

"ಅವತ್ತೂ ಹೀಗೇ ಬಿಟ್ಟಿದ್ದೆ. ಇವತ್ತು ಬಿಡಲ್ಲ," ಎಂದು ಇವಳು ಮತ್ತೆ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಸಭೆಯಲ್ಲಿ ನಾಲ್ಕು ಮಾತಾಡು ಎಂದರೆ ಬೆವರುವ ಹುಡುಗಿ ಇವಳು. ಅವಳ ಮೇಲೆ ಅಂಥ ಅಭಿಮಾನ ನನಗೆ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ. ಮನೆಯಾಕೆ ಬೆಂದ ರವೆಯನ್ನು ಕೊನೆಯ ಸಲ ತಟ್ಟೆಗೆ ಸುರಿದು, ನಡುವೆ ಗುಳಿ ಮಾಡಿ ಮಾಂಸ ಇಟ್ಟು, ಚಿಕ್ಕ ಪಾತ್ರೆಯ ರವೆ, ತರಕಾರಿಯನ್ನು ಬೇರೆ ತಟ್ಟೆಗೆ ಹಾಕುತ್ತಿದ್ದಳು. ಫೋನ್ ರಿಂಗಾಗುತ್ತಲೇ ಇತ್ತು.

ಕಡೆಗೆ ಎತ್ತಿದರು. ಮುಖ ಕಾಣಲಿಲ್ಲ, ಮೈಸೂರಿನ ಮನೆಯ ಸೀಲಿಂಗ್ ಫ್ಯಾನು, ಒಂದಿಷ್ಟು ನೆರೆತ ಕೂದಲು, ಅಷ್ಟೇ. ಆಮೇಲೆ ತಾಯಿಯ ದನಿ ಸಣ್ಣಗೆ ಬಂತು.

"ಅವಳದ್ದು ಊಟ ಆಯ್ತಾ?"

ಪರ್ತ್‌ನವಳು ರವೆ ಮೆತ್ತಿದ ಕೈಯನ್ನು ಹಾಗೇ ಹಿಡಿದು ಫೋನಿನ ಹತ್ತಿರ ಬಗ್ಗಿದಳು. "ಇನ್ನೂ ಇಲ್ಲ ಆಂಟಿ," ಎಂದಳು.

"ಮತ್ತೆ ನೀನೇನು ಫೋನ್ ಹಿಡ್ಕೊಂಡು ನಿಂತಿದ್ದೀಯಾ?" ಎಂದು ತಾಯಿ ಮಗಳ ಮೇಲೆ ರೇಗಿದರು. "ಬಡಿಸೇ ಅವಳಿಗೆ!"